ಮೊದಲು ಮನೆ, ಆಮೇಲೆ ಮೂಟೆ: ಸಭೆಯಲ್ಲಿ ಬಡವರ ನಿಧಿ ನಡೆಸುವ ಕ್ರಮ

ಡಿಸೆಂಬರ್‌ನಲ್ಲಿ ಕಂಬಳಿ, ಈಸ್ಟರ್‌ಗೆ ಒಂದು ದಿನಸಿ ಕಿಟ್, ಜೂನ್ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ನಮ್ಮ ಕಡೆಯ ಸಣ್ಣ ಕ್ರೈಸ್ತ ಸಭೆಗಳಲ್ಲಿ ಬಡವರ ನಿಧಿ ಹೆಚ್ಚಾಗಿ ಹೀಗೇ ನಿಂತುಹೋಗುತ್ತದೆ. ಕೊಡುವ ಮನಸ್ಸಿಗೆ ಕೊರತೆ ಇರುವುದಿಲ್ಲ, ಕ್ರಮ ಕೆಟ್ಟಿರುತ್ತದೆ. ಮೊದಲು ಹಣ ಎತ್ತುತ್ತೇವೆ, ಆಮೇಲೆ ಸಾಮಾನು ತರುತ್ತೇವೆ, ಮೂಟೆ ಸಭಾಗೃಹದ ಮೂಲೆಯಲ್ಲಿ ಬಿದ್ದ ಮೇಲೆ "ಯಾರ್ಯಾರಿಗೆ ಕೊಡೋಣ?" ಎಂದು ಹೆಸರು ಹುಡುಕುತ್ತೇವೆ.

ಅರವತ್ತು ಚಿಲ್ಲರೆ ಮನೆಗಳ ಸಭೆಯೊಂದರಲ್ಲಿ ಒಂಬತ್ತು ವರ್ಷದಿಂದ ಈ ನಿಧಿಯ ಲೆಕ್ಕ ಬರೆಯುತ್ತಿದ್ದೇನೆ. ಕೆಳಗೆ ತಪ್ಪು ಎಂದು ಬರೆದಿರುವುದನ್ನೆಲ್ಲ ಮೊದಲ ಮೂರು ವರ್ಷ ನಾವೇ ಮಾಡಿದ್ದೇವೆ. ಬಡವರಿಗೆ ಏಕೆ ಕೊಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಪ್ರಸಂಗದಲ್ಲಿ ಸಾಕಷ್ಟು ಕೇಳಿದ್ದೀರಿ. ಹೇಗೆ ಎಂಬುದಷ್ಟೇ ಇಲ್ಲಿದೆ. ಒಂದು ಕೋರಿಕೆ: ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಇನ್ನೂರು ಪುಟದ ಎರಡು ಲಾಂಗ್ ನೋಟ್‌ಬುಕ್. ಒಂದು ಮನೆ ಭೇಟಿಗೆ, ಇನ್ನೊಂದು ಹಣಕ್ಕೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಲೆಕ್ಕ ತೋರಿಸುವ ದಿನ ಎಲ್ಲರ ಮನೆಯ ಗುಟ್ಟೂ ಬಯಲಾಗುತ್ತದೆ.

ಕ್ರಮಸಂಖ್ಯೆ ಅಚ್ಚಾದ ರಸೀದಿ ಪುಸ್ತಕ. ಎರಡು ಬೀಗ ಹಾಕಬಹುದಾದ ಕಾಣಿಕೆ ಪೆಟ್ಟಿಗೆ, ಕೀಲಿಗಳು ಇಬ್ಬರ ಮನೆಯಲ್ಲಿ. ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ. ಒಬ್ಬರ ಸ್ವಂತ ಫೋನ್‌ಪೇ ನಂಬರಿಗೆ ಹಣ ಹಾಕಿಸಿಕೊಳ್ಳುವುದು ಸುಲಭ, ಆದರೆ ಆರು ತಿಂಗಳಲ್ಲಿ ಅವರ ಮನೆಯ ಖರ್ಚೂ ನಿಧಿಯ ಖರ್ಚೂ ಬೆರೆತು ಪ್ರಾಮಾಣಿಕರೂ ಕಳ್ಳರಂತೆ ಕಾಣುತ್ತಾರೆ.

ಬ್ಯಾನರ್ ಬೇಡ. ಫೋಟೋ ತೆಗೆಯುವವರಂತೂ ಬೇಡವೇ ಬೇಡ.

ಹಂತ 1: ನಿಮ್ಮ ಬಾಕಿ ತೀರಿಸಿ

ಈ ಹಂತವನ್ನು ಎಲ್ಲರೂ ಹಾರಿ ಹೋಗುತ್ತಾರೆ. ಬೈಬಲಿನ ಧರ್ಮೋಪದೇಶಕಾಂಡ 24:14-15 ಹೇಳುವುದು ದಾನದ ಮಾತಲ್ಲ, ಕೂಲಿಯ ಮಾತು: ಬಡ ಕೂಲಿಯವನ ಸಂಬಳವನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನ ಕೊಟ್ಟುಬಿಡಬೇಕು. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಹಾಗಾಗಿ ಪೆಟ್ಟಿಗೆ ಇಡುವ ಮುನ್ನಿನ ವಾರ ಪ್ರತಿ ಮನೆಯವರೂ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ: ಮನೆಗೆಲಸದವರಿಗೆ, ಗಾರೆಯವರಿಗೆ, ಇಸ್ತ್ರಿಯವರಿಗೆ, ಹೊಲದ ಆಳಿಗೆ ನಾವು ಎಷ್ಟು ಬಾಕಿ ಇದ್ದೇವೆ? ಆ ಚೀಟಿಯನ್ನು ಯಾರಿಗೂ ತೋರಿಸಬೇಕಿಲ್ಲ, ತೀರಿಸಿದರೆ ಆಯಿತು.

ನಾನು ಬರೆದ ಚೀಟಿಯಲ್ಲಿ ಒಂದೇ ಹೆಸರಿತ್ತು. ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ನಾನು ಸಂಬಳ ಕೊಡುತ್ತಿದ್ದದ್ದು ತಿಂಗಳ ಏಳಕ್ಕೋ ಎಂಟಕ್ಕೋ, ನನಗೆ ಬ್ಯಾಂಕಿಗೆ ಹೋಗಲು ಬಿಡುವಾದಾಗ. ಆಕೆಯ ಬಾಡಿಗೆ ಕಟ್ಟುವ ದಿನ ಐದು. ಆ ಎರಡು ಮೂರು ದಿನಕ್ಕಾಗಿ ಆಕೆ ಪ್ರತಿ ತಿಂಗಳೂ ಪಕ್ಕದ ಓಣಿಯಲ್ಲಿ ಬಡ್ಡಿಗೆ ಸಾಲ ತರುತ್ತಿದ್ದಳು. ಭಾನುವಾರ ನಾನು ಬಡವರ ಪೆಟ್ಟಿಗೆಗೆ ಹಾಕುತ್ತಿದ್ದದ್ದು ಹೆಚ್ಚುಕಡಿಮೆ ಆ ಬಡ್ಡಿಯಷ್ಟೇ ಹಣ.

ಹಂತ 2: ಜವಾಬ್ದಾರಿ ಹೊರುವ ಜನರನ್ನು ಆರಿಸಿ

ಮೂವರಿಂದ ಏಳು ಜನ ಸಾಕು. ಸಭಾಪಾಲಕರು ಇದರಲ್ಲಿ ಇರಬಾರದು ಎಂಬುದು ನನ್ನ ಅಭಿಪ್ರಾಯ. ಅವರು ಒಪ್ಪುವುದು ಕಷ್ಟ, ಆದರೂ ಕೇಳಿನೋಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಅಪೊಸ್ತಲರೇ ಈ ಕೆಲಸದಿಂದ ಹಿಂದೆ ಸರಿದು ಬೇರೆಯವರಿಗೆ ಒಪ್ಪಿಸಿದರು.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಆಹಾರ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತ್ತು. ಆಗ ಆರಿಸಿದ ಏಳು ಜನರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ದೂರು ಬಂದ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು. ನಿಮ್ಮ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು? ಬೇರೆ ಭಾಷೆಯ ಕೂಲಿಯವರೇ, ಊರಾಚೆಯ ಕೇರಿಯವರೇ? ಸಮಿತಿಯಲ್ಲಿ ಅವರಲ್ಲಿ ಇಬ್ಬರಾದರೂ ಇರಲಿ. ಜಾತಿ ಸಭೆಯ ಬಾಗಿಲಲ್ಲೇ ಉಳಿಯಿತು ಎಂದು ಹೇಳಿಕೊಳ್ಳುವವರು ಯಾರ ಮನೆಗೆ ಯಾರು ಭೇಟಿಗೆ ಹೋಗಲು ಹಿಂಜರಿಯುತ್ತಾರೆ ಎಂದು ಒಂದು ತಿಂಗಳು ಗಮನಿಸಲಿ.

ಅರ್ಧದಷ್ಟು ಹೆಂಗಸರಿರಬೇಕು. ಬಡ್ಡಿ ವ್ಯವಹಾರ ಇರುವವರು ಬೇಡ. ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆಯವರು ಕೂಡ ಬೇಡ.

ಹಂತ 3: ಮನೆಗೆ ಹೋಗಿ, ಬರಿಗೈಯಲ್ಲಿ

ಇಡೀ ಕೆಲಸದ ಜೀವ ಇಲ್ಲಿದೆ. ಅವಸರ ಮಾಡಬೇಡಿ, ಎರಡು ತಿಂಗಳು ಹಿಡಿದರೂ ಚಿಂತೆಯಿಲ್ಲ.

ಇಬ್ಬಿಬ್ಬರಾಗಿ ಹೋಗಿ, ಅದರಲ್ಲಿ ಒಬ್ಬರು ಹೆಂಗಸು. ಮೊದಲ ಭೇಟಿಗೆ ಏನನ್ನೂ ಒಯ್ಯಬೇಡಿ. ಕೈಯಲ್ಲಿ ಚೀಲ ಕಂಡರೆ ಮಾತು ಚೀಲದ ಸುತ್ತಲೇ ತಿರುಗುತ್ತದೆ. ಕರೆಯದೆ ಒಳಗೆ ಹೋಗಬೇಡಿ. ಸಾಲ ಕೊಟ್ಟವನು ಕೂಡ ಅಡವು ತೆಗೆದುಕೊಳ್ಳಲು ಬಡವನ ಮನೆಯೊಳಕ್ಕೆ ನುಗ್ಗದೆ ಹೊರಗೇ ನಿಲ್ಲಬೇಕು ಎಂದು ಧರ್ಮೋಪದೇಶಕಾಂಡ 24:10-11 ಹೇಳುತ್ತದೆ. ಸಾಲಗಾರನಿಗೇ ಅಷ್ಟು ಮರ್ಯಾದೆ ಇದ್ದ ಮೇಲೆ ನೆರವು ಕೊಡಲು ಹೋದ ನಾವು ಅಡುಗೆಮನೆಯ ಡಬ್ಬಿ ತೆರೆದು ನೋಡುವುದು ತರವಲ್ಲ.

ಎರಡನೇ ವರ್ಷ ನಾವು ಒಬ್ಬ ವಿಧವೆಯ ಮನೆಗೆ ಹತ್ತು ಕೆಜಿ ಅಕ್ಕಿ ಹೊತ್ತು ಹೋಗಿದ್ದೆವು. ಚಾಪೆ ಹಾಸಿ ಕೂರಿಸಿದರು. "ಹ್ಯಾಂಗದೀರಿ ಅವ್ವಾ?" ಎಂದರೆ "ಎಲ್ಲಾ ಛಲೋ ಐತ್ರಿ, ದೇವರು ನಡಸ್ಯಾನ" ಎಂದರು. ಚಹಾಕ್ಕೆ ಬೆಲ್ಲದ ಡಬ್ಬಿ ಇಳಿಸುವಾಗ ಪಕ್ಕದಲ್ಲಿದ್ದ ಸಣ್ಣ ಡಬ್ಬಿ ಉರುಳಿ ಮಾತ್ರೆಗಳು ನೆಲಕ್ಕೆ ಚೆಲ್ಲಿದವು. ಎಲ್ಲವೂ ಅರ್ಧರ್ಧ, ಬ್ಲೇಡಿನಿಂದ ಕತ್ತರಿಸಿದ್ದು. ನನ್ನ ಜೊತೆ ಬಂದಿದ್ದ ನರ್ಸಮ್ಮ ಒಂದು ತುಂಡು ಎತ್ತಿ ನೋಡಿ, "ಇದು ಬಿಪಿ ಗುಳಿಗಿ ಅಲ್ಲೇನವ್ವಾ?" ಎಂದರು. "ಹೌದ್ರಿ ಅಕ್ಕಾರ. ಹಿಂಗ ಮಾಡಿದ್ರ ಒಂದ್ ತಿಂಗಳದ್ದು ಎರಡ್ ತಿಂಗಳ ಬರ್ತಾವು." ಮೂಲೆಯಲ್ಲಿ ರೇಷನ್ ಅಕ್ಕಿಯ ಎರಡು ಚೀಲ ಆಗಲೇ ಇದ್ದವು. ನಾವು ಕೆಜಿಗೆ 58 ರೂಪಾಯಿ ಕೊಟ್ಟು ತಂದ ಅಕ್ಕಿಯನ್ನು ಮುಂದಿನ ವಾರ ಅವರು ಅಂಗಡಿಯಲ್ಲಿ 20ಕ್ಕೆ ಮಾರಿ ಮಾತ್ರೆ ತಂದರಂತೆ. ಸರಿಯಾದದ್ದನ್ನೇ ಮಾಡಿದರು.

"ನಿಮಗೇನು ಬೇಕು?" ಎಂದು ಕೇಳಿದರೆ ಮರ್ಯಾದಸ್ಥರು "ಏನೂ ಬೇಡ" ಎನ್ನುತ್ತಾರೆ, ರೂಢಿಯಾದವರು ಉದ್ದ ಪಟ್ಟಿ ಹೇಳುತ್ತಾರೆ. ಬದಲಿಗೆ ದಿನಚರಿ ಕೇಳಿ: ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ದವಾಖಾನೆಗೆ ಕಡೆಗೆ ಹೋದದ್ದು ಯಾವಾಗ? ವಾರದ ಕಂತು ಯಾವ ದಿನ? ಮಕ್ಕಳ ಶಾಲೆಯಿಂದ ಚೀಟಿ ಏನಾದರೂ ಬಂದಿದೆಯೇ? ಊರಲ್ಲಿ ಅಣ್ಣತಮ್ಮಂದಿರು ಇದ್ದಾರೆಯೇ?

ಕೊನೆಯ ಪ್ರಶ್ನೆ ಬಿಡಬೇಡಿ. 1 ತಿಮೊಥೆ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ನೆರವು ಪಡೆಯುವ ವಿಧವೆಯರ ಪಟ್ಟಿಯ ನಿಯಮ ಬರೆಯುವಾಗ ಮೊದಲು ಕೇಳುವುದೇ ಮಕ್ಕಳು ಮೊಮ್ಮಕ್ಕಳು ಇದ್ದಾರೆಯೇ ಎಂದು. ನೋಡಿಕೊಳ್ಳುವವರು ಇದ್ದರೆ ಅವರು ನೋಡಿಕೊಳ್ಳಲಿ, ಸಭೆಯ ಭಾರ ನಿಜಕ್ಕೂ ಯಾರೂ ಇಲ್ಲದವರಿಗೆ ಮೀಸಲು. ನಮ್ಮ ಸಭೆಯಲ್ಲಿ ಇಬ್ಬರು ಅಜ್ಜಿಯರ ವಿಷಯದಲ್ಲಿ ಬೆಂಗಳೂರಿನಲ್ಲಿದ್ದ ಮಕ್ಕಳಿಗೆ ಫೋನ್ ಮಾಡಿದ್ದೇ ನಿಧಿಯ ದೊಡ್ಡ ನೆರವಾಯಿತು. ಒಬ್ಬ ಮಗ ಕೂಗಾಡಿದ. ಎರಡು ತಿಂಗಳ ಮೇಲೆ ಹಣ ಕಳಿಸತೊಡಗಿದ.

ಭೇಟಿ ಪುಸ್ತಕದಲ್ಲಿ ಹೆಸರು ಬರೆಯಬೇಡಿ, ಮನೆಗೆ ಒಂದು ಸಂಖ್ಯೆ ಕೊಡಿ. ಸಂಖ್ಯೆ ಮತ್ತು ಹೆಸರಿನ ಹಾಳೆ ಒಬ್ಬರ ಬೀರುವಿನಲ್ಲಿರಲಿ. ಸಭೆಯ ವಾಟ್ಸಾಪ್ ಗುಂಪಿನಲ್ಲಿ "ಇಂಥವರ ಮನೆಯಲ್ಲಿ ತುಂಬಾ ಕಷ್ಟ, ಪ್ರಾರ್ಥಿಸಿ" ಎಂದು ಹಾಕುವುದು ಕೂಡ ಡಂಗುರವೇ.

ಹಂತ 4: ವಿಂಗಡಿಸಿ

ಭೇಟಿ ಮುಗಿದ ಮೇಲೆ ಪ್ರತಿ ಸಂಖ್ಯೆಯನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ: ಈ ವಾರವೇ ಬೇಕು (ಆಸ್ಪತ್ರೆ, ಸಾವು, ಮನೆ ಬಿದ್ದದ್ದು), ಪ್ರತಿ ತಿಂಗಳೂ ಬೇಕು (ದುಡಿಯಲಾಗದ ವೃದ್ಧರು, ಹಾಸಿಗೆ ಹಿಡಿದವರು), ಒಂದು ಸಲ ಕೈ ಹಿಡಿದರೆ ಏಳುತ್ತಾರೆ (ಹೊಲಿಗೆ ಯಂತ್ರದ ರಿಪೇರಿ, ತಳ್ಳುಗಾಡಿ, ಶುಲ್ಕ). ಎರಡನೇ ಗುಂಪಿನವರಿಗೆ ಉಪದೇಶ ಬೇಡ, ಮೂರನೆಯವರಿಗೆ ತಿಂಗಳ ಕಿಟ್ ಬೇಡ.

ಇಲ್ಲಿ ಯಾರಾದರೊಬ್ಬರು 2 ಥೆಸಲೊನೀಕ 3:10 ಎತ್ತೇ ಎತ್ತುತ್ತಾರೆ: ಕೆಲಸ ಮಾಡದವನು ಊಟವನ್ನೂ ಮಾಡಬಾರದು. ವಚನವನ್ನು ನಿಧಾನವಾಗಿ ಓದಿಸಿ. ಅಲ್ಲಿರುವುದು ಕೆಲಸ ಮಾಡಲು ಮನಸ್ಸಿಲ್ಲದವನು. ಕೆಲಸ ಸಿಗದವನ ವಿಷಯವಾಗಲಿ ಮಾಡಲು ಶಕ್ತಿಯಿಲ್ಲದವನ ವಿಷಯವಾಗಲಿ ಅಲ್ಲಿಲ್ಲ. ಕುಡಿಯುವ ಗಂಡಸಿರುವ ಮನೆಯನ್ನು ಪಟ್ಟಿಯಿಂದ ತೆಗೆಯಲು ಈ ವಚನ ಬಳಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಉಪವಾಸ ಬೀಳುವವರು ಹೆಂಡತಿ ಮಕ್ಕಳು. ಅಂಥ ಮನೆಗೆ ನಗದು ಬೇಡ, ಹೆಂಡತಿಯ ಕೈಗೆ ಸಾಮಾನು, ಶಾಲೆಗೆ ನೇರವಾಗಿ ಶುಲ್ಕ.

ಹಂತ 5: ಹಕ್ಕಿನದ್ದನ್ನು ಮೊದಲು ಕೊಡಿಸಿ

ನಿಧಿಯ ಒಂದು ರೂಪಾಯಿ ಖರ್ಚು ಮಾಡುವ ಮುನ್ನ ನೋಡಬೇಕಾದದ್ದು ಇದು. ಅಂತ್ಯೋದಯ ಕಾರ್ಡಿನ ಮನೆಗೆ ತಿಂಗಳಿಗೆ 35 ಕೆಜಿ ಧಾನ್ಯ ಸಲ್ಲಬೇಕು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಇದೆ, ವಿಧವೆಯರಿಗೆ ವೇತನ ಇದೆ, ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಇವುಗಳಲ್ಲಿ ಒಂದಾದರೂ ನಿಂತುಹೋಗಿರುವ ಮನೆ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ: ಆಧಾರ್‌ನಲ್ಲಿ ಹೆಸರಿನ ಅಕ್ಷರ ತಪ್ಪು, ಬೆರಳಚ್ಚು ಹತ್ತುತ್ತಿಲ್ಲ, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ.

ನಾಡಕಚೇರಿಗೆ ಜೊತೆಯಲ್ಲಿ ಹೋಗುವ ಒಬ್ಬ ಯುವಕ ಅಥವಾ ಯುವತಿ, ಬಸ್ ಚಾರ್ಜು, ಆ ದಿನ ತಪ್ಪಿದ ಕೂಲಿ. ನಿಧಿಯಿಂದ ಇಷ್ಟೇ ಖರ್ಚು. ಸ್ಕಾಲರ್‌ಶಿಪ್‌ಗೆ ಜಾತಿ ಪ್ರಮಾಣಪತ್ರ ಮಾಡಿಸುವಾಗ ನೆನಪಿರಲಿ: ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ ಬರುತ್ತಾರೆ, ಎಲ್ಲರನ್ನೂ ಉಳಿದ ಕ್ರೈಸ್ತರ ಪ್ರವರ್ಗವಾದ 3ಬಿಗೆ ಸೇರಿಸಿ ಅರ್ಜಿ ತುಂಬಬೇಡಿ.

ಹಂತ 6: ಈಗ ಹಣ ಎತ್ತಿ

ಪಟ್ಟಿ ಕೈಗೆ ಬಂದ ಮೇಲೆ ತಿಂಗಳಿಗೆ ಎಷ್ಟು ಬೇಕು ಎಂಬುದು ಗೊತ್ತಾಗುತ್ತದೆ. ಆ ಮೊತ್ತವನ್ನು ಸಭೆಯ ಮುಂದೆ ಹೇಳಿ, ಹೆಸರುಗಳನ್ನಲ್ಲ. 1 ಕೊರಿಂಥ 16:2ರಲ್ಲಿ ಪೌಲನು ಕೇಳಿದ್ದು ವಾರವಾರ, ಅವರವರ ಗಳಿಕೆಗೆ ತಕ್ಕಂತೆ ತೆಗೆದಿಡುವುದನ್ನು. ತಾನು ಬಂದ ದಿನ ವಸೂಲಿ ಶುರುವಾಗಬಾರದು ಎಂದೂ ಸೇರಿಸಿದ್ದಾನೆ. ವರ್ಷಕ್ಕೊಮ್ಮೆ 5,000 ಕೊಡುವ ಒಬ್ಬರಿಗಿಂತ ವಾರಕ್ಕೆ ಇಪ್ಪತ್ತು ರೂಪಾಯಿ ಹಾಕುವ ಐದು ಮನೆ ನಿಧಿಗೆ ಹೆಚ್ಚು ಆಧಾರ, ಜೂನ್‌ನಲ್ಲೂ ಪೆಟ್ಟಿಗೆಯಲ್ಲಿ ಏನಾದರೂ ಇರುತ್ತದೆ. ಮಿಜೋರಾಂನ ಸಭೆಗಳಲ್ಲಿ ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕಿಡುವ ರೂಢಿ ಇದೆ. ಹೆಂಗಸರ ಕೂಟದವರು ಮನಸ್ಸು ಮಾಡಿದರೆ ಇಲ್ಲೂ ನಡೆಯುತ್ತದೆ, ಜೋಳವಾದರೂ ಸರಿ. ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ ಸಾವಿರಕ್ಕೆ ಹೋಗುತ್ತದಲ್ಲ, ಆ ದಿನದ ಹಣದಲ್ಲಿ ಹತ್ತರಲ್ಲೊಂದು ಪಾಲು ಈ ನಿಧಿಗೆ ಎಂದು ಮೊದಲೇ ಠರಾವು ಬರೆಸಿಕೊಳ್ಳಿ. ಹಬ್ಬ ಮುಗಿದ ಮೇಲೆ ಕೇಳಿದರೆ ಛಾವಣಿ ರಿಪೇರಿ ಮುಂದೆ ಬರುತ್ತದೆ.

ಹಣಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಹಕ್ಕಲು. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಉದುರಿದ್ದನ್ನು ಹೆಕ್ಕಬಾರದು, ಅದು ಬಡವರಿಗೂ ಪರದೇಶದವರಿಗೂ ಬಿಟ್ಟದ್ದು ಎಂದು ಯಾಜಕಕಾಂಡ 19:9-10. ಶೇಂಗಾ ಕಿತ್ತ ಹೊಲದಲ್ಲಿ ಹಕ್ಕಲು ಆಯುವ ಹೆಂಗಸರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೂತಳು 2ನೇ ಅಧ್ಯಾಯದಲ್ಲಿ ಹೊಲದ ಒಡೆಯ ಬೋವಜ ಇನ್ನೂ ಒಂದು ಹೆಜ್ಜೆ ಹೋಗುತ್ತಾನೆ: ಕಟ್ಟುಗಳಿಂದ ಬೇಕಂತಲೇ ತೆನೆ ಎಳೆದು ಬೀಳಿಸಿ, ಹಕ್ಕಲು ಆಯಲು ಬಂದ ವಿಧವೆ ರೂತಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳುತ್ತಾನೆ. ರೂತಳು ಸಂಜೆಯವರೆಗೆ ದುಡಿದು, ಬಡಿದು, ಸುಮಾರು ಒಂದು ಏಫಾ (ಆ ಕಾಲದ ಧಾನ್ಯದ ಅಳತೆ) ಜವೆಗೋಧಿ ಮನೆಗೆ ಒಯ್ದಳು. ಯಾರ ಮುಂದೆಯೂ ಕೈಚಾಚಲಿಲ್ಲ.

ಹೊಲವಿಲ್ಲದವರ ಅಂಚು ಯಾವುದು? ನಮ್ಮ ಸಭೆಯ ಟೇಲರ್ ಒಬ್ಬರು ಗುಂಡಿ ಹಚ್ಚುವ, ಸೀರೆಗೆ ಫಾಲ್ ಹೊಲಿಯುವ ಕೆಲಸವನ್ನು ತಾವು ಮಾಡದೆ ಎರಡು ಮನೆಗೆ ಕೊಡುತ್ತಾರೆ, ಪೂರ್ತಿ ರೇಟಿಗೆ. ತೆಂಗಿನ ತೋಟದವರೊಬ್ಬರು ಗರಿ ಬಿಟ್ಟುಕೊಟ್ಟಿದ್ದಾರೆ, ಅದರಿಂದ ಪೊರಕೆ ಆಗುತ್ತದೆ. ನಿಮ್ಮ ಕಸುಬಿನಲ್ಲಿ ನೀವು ಕೊನೆಯ ರೂಪಾಯಿವರೆಗೆ ಕೊಯ್ಯುವ ಅಂಚು ಎಲ್ಲಿದೆ ಎಂದು ಒಂದು ಸಂಜೆ ಕೂತು ನೋಡಿ.

ಹೊರದೇಶದ ಹಣದ ಬಗ್ಗೆ ಎಚ್ಚರ. ದುಬೈನಲ್ಲಿ ದುಡಿಯುವ ಭಾರತೀಯ ಪಾಸ್‌ಪೋರ್ಟಿನ ತಮ್ಮ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಅಕ್ಕ ಕಳಿಸಿದರೆ ಬರುತ್ತದೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ) ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟಬಾರದು. ನೂರು ಡಾಲರಾದರೂ ಅಷ್ಟೇ.

ಹಂತ 7: ಕೊಡುವ ಬಗೆ

ಕತ್ತಲಾದ ಮೇಲೆ, ಮನೆಗೇ ಹೋಗಿ ಕೊಡಿ. ಸಭೆಯ ಮುಂದೆ ಸಾಲು ನಿಲ್ಲಿಸಬೇಡಿ. ಮತ್ತಾಯ 6:3 ಎಡಗೈಗೂ ಗೊತ್ತಾಗದಂತೆ ಕೊಡು ಎನ್ನುತ್ತದೆ, ನಾವು ಫ್ಲೆಕ್ಸ್ ಹಾಕಿಸುತ್ತೇವೆ. ಮೊದಲ ವರ್ಷ ಕಂಬಳಿ ತೆಗೆದುಕೊಂಡ ಹುಡುಗಿಯ ಫೋಟೋ ಆಕೆಯ ಕಾಲೇಜಿನ ಗೆಳತಿಯರ ಫೋನಿಗೆ ಹೋಯಿತು. ಆಕೆ ಮತ್ತೆ ಯುವಜನ ಕೂಟಕ್ಕೆ ಬರಲಿಲ್ಲ.

ಔಷಧಿಗೆ ಮೆಡಿಕಲ್ ಶಾಪಿನಲ್ಲಿ ಖಾತೆ ತೆರೆದು ತಿಂಗಳ ಕೊನೆಗೆ ನಿಧಿಯಿಂದ ಕಟ್ಟಿ. ಅರ್ಧ ಮಾತ್ರೆಯ ಅವ್ವನಿಗೆ ಹೀಗೇ ಮಾಡಿದೆವು. ಎರಡನೇ ಗುಂಪಿನವರಿಗೆ ನಗದು ಕೊಡಲು ಹೆದರಬೇಡಿ, ಅವರ ಮನೆಗೆ ಏನು ಬೇಕೆಂದು ಅವರಿಗೇ ಚೆನ್ನಾಗಿ ಗೊತ್ತು.

ನಿಧಿಯಿಂದ ಸಾಲ ಕೊಡಬೇಡಿ. ವಿಮೋಚನಕಾಂಡ 22:25 ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೂಡದು ಎನ್ನುತ್ತದೆ, ಅಂದರೆ ಬಡ್ಡಿಯಿಲ್ಲದ ಕೈಗಡಕ್ಕೆ ಅಡ್ಡಿಯಿಲ್ಲ. ಆದರೂ ನಮ್ಮ ಅನುಭವ ಬೇರೆ: ಕೈಗಡ ತೆಗೆದುಕೊಂಡ ನಾಲ್ಕು ಮನೆಗಳಲ್ಲಿ ಮೂರು ಮನೆಯವರು ಕಂತು ತಪ್ಪಿದ ಭಾನುವಾರದಿಂದ ಆರಾಧನೆಗೆ ಬರುವುದನ್ನೇ ಬಿಟ್ಟರು. ಈಗ ಕೊಟ್ಟರೆ ಕೊಟ್ಟಂತೆ, ಇಲ್ಲದಿದ್ದರೆ ಇಲ್ಲ. ಮೈಕ್ರೋಫೈನಾನ್ಸ್ ಕಂತಿನಲ್ಲಿ ಸಿಕ್ಕಿಕೊಂಡವರ ಸಾಲವನ್ನು ನಿಧಿಯಿಂದ ತೀರಿಸಲು ಹೋಗಬೇಡಿ, ಪೆಟ್ಟಿಗೆ ಒಂದೇ ಮನೆಗೆ ಮುಗಿಯುತ್ತದೆ. ಅವರ ಜೊತೆ ಕೂತು ಎಲ್ಲ ಪಾಸ್‌ಬುಕ್ ಹರಡಿ ಒಟ್ಟು ಎಷ್ಟು ಎಂದು ಬರೆಯಿರಿ. ವಸೂಲಿಗೆ ಬಂದವರು ಬೆದರಿಸುತ್ತಿದ್ದರೆ, ಅದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಜೊತೆಯಲ್ಲಿ ಠಾಣೆಗೆ ಹೋಗಿ.

ಸಭೆಗೆ ಸೇರದವರಿಗೂ ಕೊಡುವುದಾದರೆ, ಆ ಮನೆಯಲ್ಲಿ ಪ್ರಾರ್ಥನೆಯ ಷರತ್ತು, ಕೈಪತ್ರ, "ಭಾನುವಾರ ಬನ್ನಿ" ಎಂಬ ಮಾತು ಯಾವುದೂ ಬೇಡ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಹಣವನ್ನೂ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿದೆ. ಕಾಯ್ದೆ ಇರಲಿ ಬಿಡಲಿ, ಯೇಸು ಹೇಳಿದ ಕಥೆಯ ಸಮಾರ್ಯದವನು ಗಾಯಾಳುವಿನ ಮತ ಕೇಳಲಿಲ್ಲ.

ಹಂತ 8: ಲೆಕ್ಕ ತೋರಿಸಿ

2 ಕೊರಿಂಥ 8:20-21 ಓದಿದರೆ ಪೌಲನೂ ಹಣದ ವಿಷಯದಲ್ಲಿ ಎಷ್ಟು ಜಾಗ್ರತೆ ಮಾಡಿದ ಎಂದು ತಿಳಿಯುತ್ತದೆ. ದೇವರ ಮುಂದೆ ಸರಿಯಿದ್ದರೆ ಸಾಲದು, ಜನರ ಕಣ್ಣಿಗೂ ಸರಿ ಕಾಣಬೇಕು ಎಂದು ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ಪೆಟ್ಟಿಗೆ ತೆರೆಯುವಾಗ ಇಬ್ಬರು, ಎಣಿಸುವಾಗ ಮೂವರು. ತಿಂಗಳ ಮೊದಲ ಭಾನುವಾರ ನೋಟಿಸ್ ಬೋರ್ಡಿನಲ್ಲಿ ನಾಲ್ಕೇ ಸಾಲು: ಬಂದದ್ದು, ಔಷಧಿಗೆ, ಶಿಕ್ಷಣಕ್ಕೆ, ಉಳಿದದ್ದು. ಹೆಸರು ಬೇಡ, ಎಷ್ಟು ಮನೆಗೆ ಎಂಬ ಎಣಿಕೆ ಸಾಕು.

ಇವು ಕಂಡರೆ ನಿಲ್ಲಿಸಿ ನೋಡಿ

ಪಟ್ಟಿಯಲ್ಲಿ ಹಿರಿಯರ ನೆಂಟರೇ ತುಂಬಿದ್ದಾರೆ. ಎರಡು ವರ್ಷದಿಂದ ಒಂದು ಹೆಸರೂ ಸೇರಿಲ್ಲ, ಒಂದೂ ಹೋಗಿಲ್ಲ. ನೆರವು ಪಡೆಯುವವರು ಸಭೆಯ ಕಸ ಗುಡಿಸುವುದು, ಕುರ್ಚಿ ಎತ್ತುವುದು ಕಡ್ಡಾಯ ಎಂದು ತಿಳಿದಿದ್ದಾರೆ. ಅವರು ಹಿಂದಿನ ಬೆಂಚಿನಿಂದ ಮುಂದೆ ಬಂದಿಲ್ಲ (ಯಾಕೋಬ 2:3 ನೋಡಿ). ಭೇಟಿ ಪುಸ್ತಕ ಖಾಲಿ, ಹಣದ ಪುಸ್ತಕ ಮಾತ್ರ ತುಂಬಿದೆ. ಕಡೆಯದು ಕಂಡರೆ ಆ ತಿಂಗಳು ಏನನ್ನೂ ಹಂಚದೆ ಹಂತ 3ಕ್ಕೆ ಮರಳಿ.

ವರ್ಷದ ದಿನಗಳು

ಮೂರು ತಿಂಗಳಿಗೊಮ್ಮೆ ಪಟ್ಟಿ ಮತ್ತೆ ಓದಿ. ಮಾರ್ಚ್‌ನಲ್ಲಿ ವೇತನ ನಿಂತವರ ದಾಖಲೆ ನೋಡಿ. ಮೇ ಕೊನೆಯಲ್ಲಿ, ಶಾಲೆ ತೆರೆಯುವ ಮುನ್ನ, ಶುಲ್ಕ, ನೋಟ್‌ಬುಕ್, ಸಮವಸ್ತ್ರದ ಅಂದಾಜು ಬರೆದುಕೊಳ್ಳಿ, ನಿಧಿಗೆ ಅತಿ ಹೆಚ್ಚು ಹೊರೆ ಬೀಳುವುದು ಆಗಲೇ. ಮಳೆಗಾಲದಲ್ಲಿ ಕೂಲಿ ಇಲ್ಲದ ವಾರಗಳಿರುತ್ತವೆ, ಆಗ ದಿನಸಿಗೆ ಅರ್ಥವಿದೆ. ಡಿಸೆಂಬರ್‌ನಲ್ಲಿ ಎಲ್ಲರೂ ಕೊಡುತ್ತಾರೆ. ಆ ತಿಂಗಳು ಬಂದ ಹಣದಲ್ಲಿ ಮುಕ್ಕಾಲು ಪಾಲನ್ನು ಮುಟ್ಟದೆ ಬ್ಯಾಂಕಿಗೆ ಹಾಕಿ, ಚಲನ್ ಮೇಲೆ ಪೆನ್ಸಿಲ್‌ನಲ್ಲಿ "ಜೂನ್" ಎಂದು ಬರೆದಿಡಿ.